ಅಪ್ಪ ಉಳಿಯುವ ಕಥೆಗಳು

ಊಟದ ಡಬ್ಬಿಯ ಮುಚ್ಚಳಕ್ಕೆ ಫೋನು ಆನಿಸಿ ನಿಲ್ಲಿಸಿದರೆ ಅದು ಮೆಲ್ಲಗೆ ಮುಂದಕ್ಕೆ ಜಾರುತ್ತದೆ. ಜಾರದಂತೆ ಅಕ್ಕೋರು ಫೋನಿನ ಕೆಳತುದಿಗೆ ಸೀಮೆಸುಣ್ಣದ ಒಂದು ತುಂಡನ್ನು ಅಡ್ಡ ಇಡುತ್ತಿದ್ದರು. ತುಂಡು ಉರುಳಬಾರದೆಂದು ಅದರ ಒಂದು ಮಗ್ಗುಲನ್ನು ನೆಲಕ್ಕೆ ತಿಕ್ಕಿ ಚಪ್ಪಟೆ ಮಾಡಿದ್ದರು. ಅದು ಅವರ ಕಂಪಾಸು ಪೆಟ್ಟಿಗೆಯಲ್ಲೇ ಇರುತ್ತಿತ್ತು. ಅದರಿಂದ ಅವರು ಹಲಗೆಯ ಮೇಲೆ ಬರೆದದ್ದನ್ನು ನಾನು ನೋಡಲಿಲ್ಲ.

ಅವರು ಮೂಡಲಗಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಧಾರವಾಡದಲ್ಲಿ ಎಂ.ಎ. ಮುಗಿಸಿ ಇಂಗ್ಲಿಷ್ ಕಲಿಸಲು ನಾನು ಅಲ್ಲಿಗೆ ಸೇರಿದಾಗ ಅವರಿಗೆ ಐವತ್ತರ ಹತ್ತಿರ ವಯಸ್ಸು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುತ್ತಾರೆ. ಹಾಗೆ ನೋಡಿದರೆ ನಾನೂ ಒಬ್ಬ ಅಕ್ಕೋರು. ಆದರೆ ಆ ಶಾಲೆಯಲ್ಲಿ ಬರಿದೆ ‘ಅಕ್ಕೋರು’ ಅಂದರೆ ಅವರೊಬ್ಬರೇ. ಅವರು ಒಂಬತ್ತನೇ ತರಗತಿಯಲ್ಲಿ ಸೂತ್ರ ಹೇಳಿಸಿದರೆ ಎರಡು ಕೋಣೆ ಆಚೆ ನನ್ನ ಹುಡುಗರ ತುಟಿ ತಾವಾಗಿಯೇ ಅಲುಗುತ್ತಿದ್ದವು. ಸೆರಗಿಗೆ ಸದಾ ನಾಲ್ಕಾರು ಪಿನ್ನು ಚುಚ್ಚಿಕೊಂಡಿರುತ್ತಿದ್ದರು. ಅಂಗಿಯ ಗುಂಡಿ ಹರಿದ ಹುಡುಗ ಕಂಡರೆ ನಡೆಯುತ್ತಲೇ ಹಿಡಿದು ನಿಲ್ಲಿಸಿ, ಪಿನ್ನು ಹಾಕಿ, ಬೆನ್ನಿಗೊಂದು ಗುದ್ದಿ ಮುಂದೆ ಹೋಗುವರು. ಚಹಾ ಮಾತ್ರ ಎಂದೂ ಪೂರ್ತಿ ಕುಡಿದವರಲ್ಲ. ಅರ್ಧಕ್ಕೆ ಯಾವುದೋ ಲೆಕ್ಕ ನೆನಪಾಗಿ ಏಳುತ್ತಿದ್ದರು.

ನಾನು ಅನಿಮೆ ನೋಡುತ್ತೇನೆಂದು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ. ಒಂದು ಮಧ್ಯಾಹ್ನ ಫೋನನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋಗಿದ್ದೆ. ತಿರುಗಿ ಬಂದಾಗ ಅಕ್ಕೋರು ಅದರ ಪರದೆಯ ಮೇಲೆ ಬಾಗಿದ್ದರು.

"ಸಿಟ್ಟಾಗಬ್ಯಾಡ್ರಿ, ಫೋನ್ ಬಡಕೊಳ್ಳಾಕತ್ತಿತ್ತು ಅಂತ ನೋಡಿದೆ. ಈ ಚಿತ್ರ ಯಾವುದ್ರಿ? ನಮ್ಮ ಹುಡುಗಿ ಇಂಥಾವ ಕಣ್ಣು ಬರೀತಾಳ. ನೋಟಬುಕ್ಕಿನ ಅಂಚಿನ ತುಂಬ ಬರೇ ಕಣ್ಣು."

"ಜಪಾನಿಂದು ರಿ ಅಕ್ಕೋರ. ಅನಿಮೆ ಅಂತಾರ."

"ಗೊಂಬಿ ಚಿತ್ರ ಅನ್ರಿ."

"ದೊಡ್ಡವರೂ ನೋಡ್ತಾರ ರಿ."

"ಅದು ಕಾಣಾಕತ್ತೈತಿ ಬಿಡ್ರಿ," ಎಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ನಕ್ಕರು. ನಂತರ ನಗು ನಿಂತಿತು. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

ಅವರ ಯಜಮಾನರಿಗೆ ಮೂಡಲಗಿ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇತ್ತು. ಹಿಂದಿನ ವರ್ಷ ಎದೆನೋವೆಂದು ಘಟಪ್ರಭಾದ ಆಸ್ಪತ್ರೆಗೆ ಹೊರಟವರು ದಾರಿಯಲ್ಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಬೇರೆ ಶಾಲೆಯಲ್ಲಿ ಎಂಟನೇ ತರಗತಿ. ಅಂದಿನಿಂದ ಅವಳು ಮಾತು ಕಡಿಮೆ ಮಾಡಿ ಅಪ್ಪನ ಫೋನು ಹಿಡಿದುಕೊಂಡು ಮೂಲೆ ಸೇರಿದ್ದಳು. ಒಂದು ದಿನ ಅಕ್ಕೋರು ತಾವೂ ಪಕ್ಕದಲ್ಲಿ ಹೋಗಿ ಕುಳಿತರು. ಹುಡುಗಿ ಸರಿದು ಜಾಗ ಕೊಟ್ಟಳು. ಅಷ್ಟರಲ್ಲಿ ಪರದೆಯ ಮೇಲೆ ಯಾವುದೋ ಹುಡುಗನ ಅಪ್ಪ ಸತ್ತ. ಹುಡುಗಿ ಫೋನನ್ನು ಬೋರಲು ಹಾಕಿ ಎದ್ದು ಒಳಗೆ ಹೋದಳು.

"ಅವತ್ತಿನಿಂದ ನಾ ಹೋದ್ರ ಫೋನ್ ಮಗಚಿ ಇಡತಾಳ. ಉಂಡಿ? ಉಂಡೆ. ಮನಿಯಾಗ ಇಷ್ಟ ಮಾತ್ರಿ. ಒಂದ ಬೇಕು ನನಗ. ಅಪ್ಪ ಸಾಯಬಾರದು. ಇಬ್ಬರೂ ಬಾಜೂ ಕುಂತು ನೋಡೂವಂಥಾದು. ಅದೂ ಹೊಸಾದ ಇರಬೇಕು, ಹಳೇವು ಅಕಿ ನೋಡಿ ಬಿಟ್ಟಿರತಾಳ."

ನಾನು ಇಷ್ಟಪಟ್ಟ ಕಥೆಗಳನ್ನು ಒಂದೊಂದಾಗಿ ಮನಸ್ಸಿಗೆ ತಂದುಕೊಂಡೆ. ಬಹುತೇಕ ಎಲ್ಲದರಲ್ಲೂ ಮೊದಲ ಕಂತು ಮುಗಿಯುವುದರೊಳಗೆ ಅಪ್ಪ ಇಲ್ಲವೇ ಅಮ್ಮ ಸಾಯುತ್ತಿದ್ದರು. ಇಷ್ಟು ವರ್ಷ ನೋಡಿದ್ದೆ. ಒಮ್ಮೆಯೂ ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ನಾನೇ ನೋಡಿ ಹೇಳುತ್ತೇನೆ ಎಂದೆ. ಒಪ್ಪಲಿಲ್ಲ. ಇಂಟರ್ನೆಟ್ಟಿನಲ್ಲಿ ಕಥೆಯ ಸಾರಾಂಶ ಬರೆದಿರುತ್ತಾರೆ ಎಂದೆ. ಅದಕ್ಕೂ ಒಪ್ಪಲಿಲ್ಲ. "ಮಗಳು ನನ್ನಾಕಿ. ನಾನ ನೋಡಬೇಕು. ಆದ್ರ ಅಕಿಗೆ ಗೊತ್ತಾಗಬಾರದು ನೋಡ್ರಿ. ಮಮ್ಮಿ ಆರಿಸಿ ತಂದಾಳ ಅಂತ ತಿಳೀತಂದ್ರ ಮುಟ್ಟಂಗಿಲ್ಲ. ಆಣಿ ಮಾಡ್ರಿ." ನಾನು ಆಣೆ ಮಾಡಿದೆ.

ಹೀಗೆ ಮಧ್ಯಾಹ್ನದ ಬಿಡುವು ನಮ್ಮದಾಯಿತು. ಮೂರು ತಿಂಗಳಿಗೊಮ್ಮೆ ಹೊಸ ಧಾರಾವಾಹಿಗಳು ಒಟ್ಟಿಗೆ ಶುರುವಾಗುತ್ತವೆ ಎಂದು ನಾನು ವಿವರಿಸಿದೆ. ಅವರಿಗೆ ಅದು ಕೂಡಲೇ ಅರ್ಥವಾಯಿತು. ಜುಲೈದು ಮುಂಗಾರಿ, ಅಕ್ಟೋಬರಿಂದು ಹಿಂಗಾರಿ, ಜನವರಿಯದು ಕಬ್ಬಿನ ಸೀಸನ್ನು. ಏಪ್ರಿಲ್ಲಿನದಕ್ಕೆ ಮಾತ್ರ ಹೆಸರಿಡಲಿಲ್ಲ, "ಬ್ಯಾಸಗ್ಯಾಗ ಏನ್ ಬೆಳೀತೈತಿ ಬಿಡ್ರಿ" ಎಂದು. ಸ್ಟಾಫ್ ರೂಮಿನ ಕಿಟಕಿಯ ಕೆಳಗೆ ಕುಳಿತು, ಒಂದೇ ಇಯರ್‌ಫೋನಿನ ಎರಡು ತುದಿ ಹಂಚಿಕೊಂಡು ನೋಡುತ್ತಿದ್ದೆವು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳು ಅವರ ಓದಿಗಿಂತ ವೇಗವಾಗಿ ಹೋಗುತ್ತಿದ್ದುದರಿಂದ ನಾನು ಮೆಲುದನಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ನನ್ನ ಅನುವಾದ ಅವರಿಗೆ ಹಿಡಿಸುತ್ತಿರಲಿಲ್ಲ.

"ಆ ಮುದುಕ ಹಂಗ ಪುಸ್ತಕದಂಗ ಮಾತಾಡಂಗಿಲ್ರಿ. ಅವನ ಮೀಸಿ ನೋಡ್ರಿ. ಅವ ನಮ್ಮ ನಾಗನೂರ ಕಾಕಾನ ಗತೆ ಮಾತಾಡ್ಬೇಕು."

ಆಮೇಲೆ ಮೀಸೆ ಇದ್ದವರೆಲ್ಲ ನಾಗನೂರ ಕಾಕಾನ ಹಾಗೆ ಮಾತಾಡಿದರು.

ಯಾವ ಅಪ್ಪ ಉಳಿಯುತ್ತಾನೆ, ಯಾವ ಅಪ್ಪ ಹೋಗುತ್ತಾನೆ ಎಂಬುದನ್ನು ಅವರು ನೋಡುನೋಡುತ್ತ ಕಲಿತರು. ನಗುವ ಅಪ್ಪಂದಿರ ಮೇಲೆ ಅವರಿಗೆ ಮೊದಲ ಗುಮಾನಿ. "ಭಾಳ ನಗಾಕತ್ತಾನ. ಇವ ಉಳಿಯಂಗಿಲ್ಲ." ಮಗಳ ತಲೆ ಸವರಿದರೆ ಮುಗಿದೇ ಹೋಯಿತು. "ಹೋದ ಇವ. ಬಂದ್ ಮಾಡ್ರಿ." ದೂರದ ಊರಿನಲ್ಲಿ ನೌಕರಿಯಲ್ಲಿರುವ ಅಪ್ಪ ಆಗಬಹುದಿತ್ತು, ಆದರೆ ಆ ಕಂತಿನೊಳಗೆ ಒಮ್ಮೆಯಾದರೂ ಫೋನು ಮಾಡಬೇಕು. ಚಿಕ್ಕ ಹುಡುಗ ತಾನೇ ಅಡುಗೆ ಮಾಡಿಕೊಳ್ಳುತ್ತಿದ್ದರೆ ಅಲ್ಲಿಗೇ ಬಿಡಬೇಕು, ಅವನಿಗೆ ಯಾರೂ ಇಲ್ಲ. ಒಮ್ಮೆ ನಾನು ಗಮನಿಸುವ ಮೊದಲೇ, ಹಿಂದಿನ ಗೋಡೆಯ ಕಪಾಟಿನಲ್ಲಿ ಒಂದು ಫೋಟೋ, ಅದರ ಮುಂದೆ ಒಂದು ಬಟ್ಟಲು ಇರುವುದನ್ನು ಬೆರಳಿಟ್ಟು ತೋರಿಸಿದರು. ಕಥೆಯಲ್ಲಿ ಅಪ್ಪನ ಸುದ್ದಿ ಇನ್ನೂ ಬಂದೇ ಇರಲಿಲ್ಲ.

"ಬಟ್ಟಲಾ ನೋಡ್ರಿ," ಎಂದರು. "ಸತ್ತವರಿಗೆ ಇಟ್ಟಾರ."

ಅವರು ಒಪ್ಪಿದವೆಲ್ಲ ತಣ್ಣಗಿನ ಕಥೆಗಳು. ಚಹಾದಂಗಡಿ ನಡೆಸುವ ಅಕ್ಕತಂಗಿಯರು, ಬೆಕ್ಕಿನ ಜೊತೆ ಮನೆ ಬದಲಿಸುವವನು, ಶಾಲೆಯ ಹಿತ್ತಲಲ್ಲಿ ಅಣಬೆ ಬೆಳೆಸುವ ಹುಡುಗಿಯರು. ಅವುಗಳ ಮೊದಲ ಕಂತನ್ನು ನೋಡುವಾಗ ಅಕ್ಕೋರು ಆಕಳಿಸುತ್ತಿದ್ದರು. ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತ, ಉತ್ತರ ಪತ್ರಿಕೆ ತಿದ್ದುತ್ತ, ಅರ್ಧ ಕಣ್ಣಲ್ಲಿ ನೋಡಿ, "ಹೂಂ, ಯಾರೂ ಸಾಯಂಗಿಲ್ಲ. ನಡೀತೈತಿ" ಎನ್ನುವರು.

ಅವರ ಜೀವವೆಲ್ಲ ಬೇರೆ ಕಡೆ ಇತ್ತು. ಒಂದು ಹಿಂಗಾರಿಯಲ್ಲಿ ಕಮ್ಮಾರನ ಮಗಳ ಕಥೆ ಬಂತು. ಕೋಟೆಯ ಬಾಗಿಲಲ್ಲಿ ಕುಲುಮೆ, ಎಡಗೈ ಊನವಾದ ಹುಡುಗಿ, ಅವಳಿಗೆಂದು ಅಪ್ಪ ಬಡಿದ ಹಗುರ ಕತ್ತಿ. ಶತ್ರುಗಳು ಬಾಗಿಲು ಒಡೆದು ನುಗ್ಗಿದಾಗ ಅಕ್ಕೋರ ಕೈಯ ರೊಟ್ಟಿ ಬಾಯಿಗೆ ಹೋಗದೆ ಗಾಳಿಯಲ್ಲೇ ನಿಂತಿತು. ಹುಡುಗಿ ಮೊದಲ ಬಾರಿಗೆ ಕತ್ತಿ ಎತ್ತಿದಳು.

"ಹೊಡಿ ಅವನ್ನ!"

ಒಂಬತ್ತನೇ ತರಗತಿಗೆ ಸೂತ್ರ ಹೇಳಿಸುವ ದನಿ ಅದು. ಹೆಡ್‌ಮಾಸ್ತರರು ತಮ್ಮ ಕೋಣೆಯಿಂದ ಓಡಿ ಬಂದರು. "ಏನಾತ್ರಿ ಅಕ್ಕೋರ?"

"ಏನಿಲ್ಲ ಸರ್. ಲೆಕ್ಕ."

"ಲೆಕ್ಕಕ್ಕ ಇಷ್ಟು ಸಿಟ್ಟು?"

"ಬಿಡಸಾಕ ಬರಲಿಲ್ಲಂದ್ರ ಬರತೈತಲ್ರಿ ಸರ್."

ಅವರು ಹೋದ ಮೇಲೆ ನಾನು ಸೆರಗನ್ನು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಶಾಲೆಯಲ್ಲಿ ನಾನು ಹಾಗೆ ನಕ್ಕದ್ದು ಅದೇ ಮೊದಲು. ಅಷ್ಟರಲ್ಲಿ ಪರದೆಯ ಮೇಲೆ ಕಮ್ಮಾರ ಬಾಗಿಲಿಗೆ ಅಡ್ಡ ಸತ್ತು ಬಿದ್ದಿದ್ದ. ಅಕ್ಕೋರು ಕೊನೆಯ ಹಾಡು ಮುಗಿಯುವವರೆಗೂ ಕುಳಿತರು. ಆಮೇಲೆ ಕನ್ನಡಕ ತೆಗೆದು ಒರೆಸಿ, ತೀರ್ಪು ಕೊಟ್ಟರು.

"ಭಾಳ ಛಲೋ ಐತಿ. ಬ್ಯಾಡ."

ಆ ಎರಡು ಮಾತನ್ನು ಅವರು ಎಷ್ಟೋ ಸಲ ಹೇಳಿದರು. ಯಾವುದನ್ನು ಮೈಮರೆತು ನೋಡಿದರೋ ಅದಕ್ಕೇ ಆ ತೀರ್ಪು. ಮುಂದಿನ ಕಂತು ನೀವಾದರೂ ನೋಡಿ ಎಂದರೆ ತಲೆಯಾಡಿಸುವರು. "ನಾ ಒಬ್ಬಾಕಿನ ನೋಡಿ ಏನ್ ಮಾಡ್ಲಿ? ರಿಟೈರ್ ಆದಮ್ಯಾಲೆ ಇವನ್ನೆಲ್ಲಾ ಕುಂತು ನೋಡ್ತೀನಿ. ಆವಾಗ ಯಾರರ ಸಾಯಲಿ."

ಗಣಿತದ ತರಗತಿಯಲ್ಲಿ ಅವರ ರೀತಿ ಬೇರೆ. ಹೊಸ ಹುಡುಗರು ಬಂದರೆ ಮೊದಲ ತಿಂಗಳು ಯಾರನ್ನೂ ಜಾಣ, ದಡ್ಡ ಎನ್ನುತ್ತಿರಲಿಲ್ಲ; ನಮಗೂ ಅನ್ನಗೊಡುತ್ತಿರಲಿಲ್ಲ. ಮನುಷ್ಯರಿಗೆ ಒಂದು ತಿಂಗಳು, ಕಥೆಗೆ ಇಪ್ಪತ್ತು ನಿಮಿಷವೇ ಎಂದು ಕೇಳಿದೆ.

"ಹುಡುಗರು ಮುಚ್ಚಿ ಇಡತಾವ್ರಿ. ಇವು ಪಾಪ, ಬಂದ ಕೂಡ್ಲೆ ಎಲ್ಲಾ ಹೇಳಿಬಿಡತಾವ." ನನ್ನ ಡಬ್ಬಿಯತ್ತ ನೋಡಿ, "ನಿಮ್ಮ ಮೊದಲನೇ ದಿನ ನೆನಪೈತೇನ್ರಿ? ಕಿಟಕಿ ಬಾಜೂ ಕುಂತು, ಡಬ್ಬಿ ಮುಚ್ಚಳ ಅರ್ಧ ತೆಗೆದು, ಯಾರರ ಕಸಕೊಂಡಾರು ಅನ್ನೂವಂಗ ಊಟ ಮಾಡಿದ್ರಿ. ನಾ ಅಂದೆ, ಈ ಎಪಿಸೋಡ್ ಭಾಳ ಬೋರ್ ಐತಿ, ಮುಂದ ಸಾಗಂಗಿಲ್ಲ ಅಂತ."

"ಮತ್ತ ಯಾಕ ನೋಡಿದ್ರಿ ಅಕ್ಕೋರ?"

"ಬ್ಯಾರೆ ಚಾನೆಲ್ ಇರಲಿಲ್ಲಲ್ಲ ತಂಗಿ."

‘ತಂಗಿ’ ಎಂದದ್ದು ಅಂದೇ ಮೊದಲು. ಆಮೇಲೆ ‘ನೀವು’ ಬಿಟ್ಟುಹೋಯಿತು.

ಅವರ ಮನೆಯಲ್ಲಿ ತಾಯಿ ಮಗಳು ಭಾನುವಾರ ಕೂಡಿ ನೋಡುವುದು ರೂಢಿಯಾಯಿತು. ‘ಇದ್ಯಾವುದೋ ಹೊಸಾದು ಬಂದೈತಂತ, ಹಚ್ಚು ನೋಡೂಣು’ ಎಂದು ತಿಳಿಯದವರಂತೆ ಹೇಳುತ್ತಿದ್ದರಂತೆ. ಸೋಮವಾರ ನನಗೆ ವರದಿ. ಮೊದಲು, "ಬಾಜೂ ಕುಂತ್ಲು." ಕೆಲವು ವಾರದ ಮೇಲೆ, "ಬೆಕ್ಕಿಗೆ ಏನ್ ಹೆಸರಿಡಬೇಕು ಅಂತ ಕೇಳಿದ್ಲು." ಒಂದು ಸೋಮವಾರ ಬಂದು ಪೂರ್ತಿ ಲೋಟ ಚಹಾ ಕುಡಿದರು. ಆಮೇಲೆ ಹೇಳಿದರು: ನೋಡುತ್ತ ನೋಡುತ್ತ ಹುಡುಗಿ ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು.

ಒಮ್ಮೆ ಮಾತ್ರ ನಾವು ಮೋಸಹೋದೆವು. ಗುಡ್ಡದ ಊರಿನಲ್ಲಿ ಬಸ್ಸು ಓಡಿಸುವ ಅಪ್ಪ, ಅದೇ ಬಸ್ಸಿನಲ್ಲಿ ಶಾಲೆಗೆ ಹೋಗುವ ಮಗಳು. ಅಪ್ಪ ನಗುವುದಿಲ್ಲ, ತಲೆ ಸವರುವುದಿಲ್ಲ, ಟಿಕೇಟು ತೆಗೆಯದ ಮಗಳನ್ನು ಎಲ್ಲರೆದುರು ಬೈಯುತ್ತಾನೆ. "ಇವ ಗಟ್ಟಿ ಅದಾನ. ನಮ್ಮನಿಯವ್ರೂ ಹಿಂಗ ಇದ್ರು" ಎಂದು ಅಕ್ಕೋರು ಒಪ್ಪಿದರು. ಐದನೇ ಕಂತಿನಲ್ಲಿ ಬಸ್ಸು ಕಣಿವೆಗೆ ಉರುಳಿತು. ನಾನು ಅದನ್ನು ನೋಡಿದ್ದು ಭಾನುವಾರ ಸಂಜೆ. ಅಷ್ಟೊತ್ತಿಗೆ ಅವರ ಮನೆಯಲ್ಲಿ ನೋಡುವ ಹೊತ್ತು ಕಳೆದುಹೋಗಿತ್ತು. ಸೋಮವಾರ ಗೋಕಾಕದ ನನ್ನ ಮನೆಯಿಂದ ಬಂದು ಬಸ್ಸಿಳಿದವಳೇ ಶಾಲೆಗೆ ಓಡಿದೆ. ಅಕ್ಕೋರು ಎಂದಿನಂತೆ ಗೇಟಿನಲ್ಲಿ ಹುಡುಗರಿಗೆ ಪಿನ್ನು ಹಾಕುತ್ತ ನಿಂತಿದ್ದರು.

"ಬಸ್ಸಿಂದು ನೋಡಲಿಲ್ಲ ತಂಗಿ. ಬೋರ್ ಆತು ಮಮ್ಮಿ, ಬೆಕ್ಕಿಂದ ಹಚ್ಚೂಣು ಅಂದ್ಲು ಅಕಿ."

ಐದನೆಯದರಲ್ಲಿ ಏನಾಗುತ್ತದೆಂದು ಹೇಳಿದೆ. ಅವರು ಗೇಟು ಹಿಡಿದುಕೊಂಡರು. "ದೇವರ ದೊಡ್ಡಾವ," ಎಂದರು. ನಾನೂ ಹಾಗೆಯೇ ಅಂದುಕೊಂಡೆ.

ಮಗಳಿಗೆ ನಿಡಸೋಸಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಅಕ್ಕೋರು ಹುಕ್ಕೇರಿಯಲ್ಲಿ ತಮ್ಮನ ಮನೆಯ ಹತ್ತಿರ ಬಾಡಿಗೆ ಮನೆ ಹಿಡಿದು, ಅಲ್ಲಿಯ ಒಂದು ಶಾಲೆಗೆ ಸೇರಿದರು. ಕೆಲವು ಸೀಸನ್ನಿನವರೆಗೆ ಸಂದೇಶ ಬರುತ್ತಿತ್ತು: ‘ಮುಂಗಾರಿ ಮಾಲು ಹೆಂಗೈತಿ?’ ಅಪ್ಪ ಉಳಿಯುವ ಕಥೆಗಳ ಹೆಸರನ್ನು ನಾನು ಬರೆದು ಕಳಿಸುತ್ತಿದ್ದೆ. ಆಮೇಲೆ ಸಂದೇಶಗಳು ನಿಂತವು. ನಾನಾಗಿ ಯಾರಿಗೂ ಫೋನು ಮಾಡುವವಳಲ್ಲ. ಅವರಿಗೆ ಕಾಯಿಲೆಯಾಗಿದ್ದು ನನಗೆ ತಿಳಿಯಲಿಲ್ಲ. ಕಳೆದ ತಿಂಗಳು ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ, ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬಂದವು.

ಭಾನುವಾರ ಹುಕ್ಕೇರಿಗೆ ಹೋದೆ. ತಮ್ಮನ ಮನೆಯ ಪಡಸಾಲೆಯಲ್ಲಿ ಜನ ಇದ್ದರು. ಜಾಜಿ ಮಾಲೆ ಹಾಕಿದ ಫೋಟೋದಲ್ಲಿ ಅಕ್ಕೋರು ನಾನು ಎಂದೂ ಕಾಣದಷ್ಟು ಸಾಧುವಾಗಿದ್ದರು. "ನಮ್ಮ ಅಕ್ಕ ಭಾಳ ಮೆತ್ತನಾಕಿ ಬಿಡ್ರಿ," ಎಂದರು ತಮ್ಮ. "ಟೀವ್ಯಾಗ ಜಗಳ ಬಂದ್ರೂ ಎದ್ದು ಹೋಗತಿದ್ಲು." ಯಾರೋ ಹೌದೌದೆಂದರು.

ಮಗಳು ಚಹಾ ತಂದುಕೊಟ್ಟು, ಬರ್ರಿ ಅಕ್ಕಾ ಎಂದು ನನ್ನನ್ನು ಅಡುಗೆಮನೆಗೆ ಕರೆದೊಯ್ದಳು. ಅಮ್ಮನ ಎತ್ತರ, ಅಮ್ಮನ ಹುಬ್ಬು. ದನಿ ಮಾತ್ರ ಸಣ್ಣದು.

"ಮಮ್ಮಿ ನಿಮ್ಮ ಸುದ್ದಿ ಹೇಳತಿದ್ಲು. ನೀವೂ ಅನಿಮೆ ನೋಡ್ತೀರಂತ, ಹೌದ್ರಿ?"

"ಹೂಂ."

"ನಾವಿಬ್ರೂ ಪ್ರತಿ ಸಂಡೇ ನೋಡತಿದ್ವಿ ರಿ. ಮಮ್ಮಿಗೆ ಬೆಕ್ಕು, ಚಾದಂಗಡಿ, ಇಂಥಾವ ಅಷ್ಟ ಸೇರತಿದ್ವು. ಬಡದಾಟ, ರಕ್ತ ಕಂಡ್ರ ಆಗತಿರಲಿಲ್ಲ. ನನಗ ಖರೆ ಅಂದ್ರ ಅವು ಭಾಳ ಬೋರ್ ರಿ ಅಕ್ಕಾ." ಕಟ್ಟೆಯ ಮೇಲಿನ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತ ಮುಂದುವರಿಸಿದಳು. "ಆದ್ರ ಪಪ್ಪಾ ಹೋದಮ್ಯಾಲೆ ಮಮ್ಮಿ ಒಮ್ಮೆ ಬಾಜೂ ಬಂದು ಕುಂತಾಗ ಒಂದರಾಗ ಅಪ್ಪ ಸತ್ತ ನೋಡ್ರಿ. ಮಮ್ಮಿ ಮಾರಿ ಹೆಂಗಾತಂದ್ರ... ನನಗ ನೋಡಾಕ ಆಗಲಿಲ್ಲ. ಆವತ್ತಿನಿಂದ ನಾನ ಮೊದಲ ಎಲ್ಲಾ ನೋಡಿ ಇಡತಿದ್ದೆ. ಹೊಸಾದು ಬಂದ ದಿನಾನ ನೋಡೂದು. ಅಂಥಾದು ಬರಾಕತ್ತೈತಿ ಅಂದ್ರ ಬೋರ್ ಆತು ಅಂತ ಹೇಳಿ ತೆಗಿಸಿಬಿಡತಿದ್ದೆ. ಮಮ್ಮಿಗೆ ಕಡೀತನಕ ಗೊತ್ತಾಗಲಿಲ್ಲ ರಿ. ಅಷ್ಟರ ಮಾಡಿದೆ ಅಂತ ಒಂದು ಸಮಾಧಾನ."

ಚಹಾ ನನ್ನ ಕೈಯಲ್ಲಿ ಆರಿತು. ನನಗೆ ಗೊತ್ತಿದ್ದುದನ್ನು ಹೇಳಹೊರಟೆ. ಆಣೆ ನೆನಪಾಯಿತು. ಅವಳ ಸಮಾಧಾನಕ್ಕೆ ಕೈ ಹಾಕಲು ನಾನು ಯಾರು ಎಂದೂ ಅನಿಸಿತು. ಪಡಸಾಲೆಯಿಂದ ಯಾರೋ ಅವಳನ್ನು ಕರೆದರು. "ಛಲೋ ಮಾಡಿದಿ" ಎಂದಷ್ಟೇ ಹೇಳಿ ಬಂದೆ.

ಮನೆಗೆ ಮರಳಲು ಗೋಕಾಕದ ಬಸ್ಸಿನಲ್ಲಿ ಕುಳಿತ ಮೇಲೆ ಎಲ್ಲ ನಿಚ್ಚಳವಾಯಿತು. ಒಬ್ಬರು ಸ್ಟಾಫ್ ರೂಮಿನಲ್ಲಿ, ಒಬ್ಬಳು ಮನೆಯ ಮೂಲೆಯಲ್ಲಿ, ಇಬ್ಬರೂ ಒಂದೇ ಕಥೆಗಳನ್ನು ಮುಂಚೆಯೇ ನೋಡಿ, ಒಂದೇ ಕಾರಣಕ್ಕೆ ತೆಗೆದುಹಾಕಿದ್ದರು. ಇಬ್ಬರಿಗೂ ಬೇಡವಾದ ಬೆಕ್ಕುಗಳನ್ನು ಪ್ರತಿ ಭಾನುವಾರ, ಇನ್ನೊಬ್ಬರಿಗೆ ಇಷ್ಟವೆಂದು, ವರ್ಷಗಟ್ಟಲೆ ನೋಡಿದ್ದರು. ಇದು ನನ್ನೊಬ್ಬಳಿಗೇ ಗೊತ್ತು. ನಾನು ಸುಮ್ಮನಿದ್ದರೆ ಹುಡುಗಿಯ ಸಮಾಧಾನ ಹಾಗೇ ಉಳಿಯುತ್ತದೆ. ಆದರೆ ಅವಳ ನೆನಪಿನಲ್ಲಿ ಉಳಿಯುವವರು, ಬಡಿದಾಟಕ್ಕೆ ಹೆದರುವ, ಬೆಕ್ಕು ನೋಡಿ ಸುಖಪಡುವ ಆ ಫೋಟೋದ ಹೆಂಗಸು. ರೊಟ್ಟಿಯನ್ನು ಗಾಳಿಯಲ್ಲಿ ಹಿಡಿದು ಕೂಗಿದವರನ್ನು ಮಗಳು ಕಂಡೇ ಇಲ್ಲ. ಅವರನ್ನು ನೋಡಿದವಳು ನಾನು ಮಾತ್ರ. ನಾನು ಮೊದಲೇ ಮಾತು ಕಡಿಮೆಯವಳು. ನನ್ನಲ್ಲಿ ಉಳಿದರೆ ಅವರು ಅಲ್ಲಿಗೇ ಮುಗಿದಂತೆ. ಆಣೆ ಮಾಡಿಸಿಕೊಂಡದ್ದು ಹುಡುಗಿ ಪಕ್ಕದಲ್ಲಿ ಕೂರಲಿ ಎಂದು. ಅವಳು ಕುಳಿತಿದ್ದಳು, ಕೊನೆಯವರೆಗೂ.

ಮರುದಿನ ಬೆಳಿಗ್ಗೆ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಮೂಡಲಗಿ ಬಸ್ಸಿನ ಕಂಡಕ್ಟರ್ ನನ್ನನ್ನು ಕಂಡು, "ಲಗೂನ ಬರ್ರಿ ಮೇಡಂ, ಸೀಟ್ ಹಿಡದೇನಿ" ಎಂದ. ಇವತ್ತು ಇಲ್ಲ ಎಂದು ಕೈಯಾಡಿಸಿದೆ. ಹೆಡ್‌ಮಾಸ್ತರರಿಗೆ ಒಂದು ದಿನದ ರಜೆಯ ಸಂದೇಶ ಕಳಿಸಿ, ಹುಡುಗಿಗೆ ಫೋನು ಮಾಡಿ, ಕಾಲೇಜಿಗೆ ಹೋಗಬೇಡ, ನಾನು ಬರುತ್ತಿದ್ದೇನೆ, ನಿನ್ನ ಅಮ್ಮನ ಬಗ್ಗೆ ಹೇಳುವುದಿದೆ ಎಂದೆ. ಆಮೇಲೆ ಹುಕ್ಕೇರಿ ಬಸ್ಸು ಹತ್ತಿ, ಆಧಾರ್ ಕಾರ್ಡು ತೋರಿಸಿ, ಟಿಕೇಟು ತೆಗೆದುಕೊಂಡೆ.